ಗಾಳಿಗೆ ಗಡಿ ಬರೆದ ಊರು

ಸ್ಯಾಂತ್-ಅಫ್ರಿಕ್ ಪಟ್ಟಣದಿಂದ ಪೂರ್ವಕ್ಕೆ ಹೊರಟ ರಸ್ತೆ ಸ್ವಲ್ಪ ದೂರ ಹೊಲ, ಹುಲ್ಲುಗಾವಲುಗಳ ನಡುವೆ ಸಲೀಸಾಗಿ ಸಾಗಿ, ಆಮೇಲೆ ಸೂಲ್ಜೊನ್ ಎಂಬ ಪುಟ್ಟ ಹೊಳೆಯ ಕಣಿವೆ ಹಿಡಿದು ಮೇಲೇರತೊಡಗುತ್ತದೆ. ತಿರುವು ಕಳೆದಂತೆಲ್ಲ ಎದುರಿನ ಬೆಟ್ಟ ಹತ್ತಿರವಾಗುತ್ತದೆ. ಅದರ ನೆತ್ತಿ ಚಪ್ಪಟೆ. ನೆತ್ತಿಯ ಕೆಳಗೆ ಕಡಿದು ನಿಲ್ಲಿಸಿದಂಥ ಬೂದು-ಬಿಳಿ ಬಂಡೆಯ ಗೋಡೆ, ಗೋಡೆಯ ಬುಡದಲ್ಲಿ ಯಾವುದೋ ಕಾಲಕ್ಕೆ ಕಳಚಿ ಬಿದ್ದ ಕಲ್ಲುಗಳ ರಾಶಿ, ಆ ರಾಶಿಯ ಮೇಲೆ, ಎಲ್ಲಿ ಜಾರಿಬಿಡುತ್ತವೋ ಎಂಬ ಹಾಗೆ, ಒಂದಕ್ಕೊಂದು ಹೆಗಲು ಕೊಟ್ಟು ನಿಂತ ಎತ್ತರದ ಮನೆಗಳ ಸಾಲು. ಚಳಿಗಾಲದ ಬೆಳಗಿನಲ್ಲಿ ಬಿಸಿಲು ಮೊದಲು ಕಣಿವೆಯ ಆಚೆ ಬದಿಗೆ ಬೀಳುತ್ತದೆ; ಬಡಗಣ ಇಳಿಜಾರಿಗೆ ಅಂಟಿಕೊಂಡ ಈ ಊರು ಇನ್ನೂ ನೀಲಿ ನೆರಳಿನಲ್ಲೇ ಇರುತ್ತದೆ.

ಇದು ರೋಕ್‌ಫೋರ್-ಸ್ಯುರ್-ಸೂಲ್ಜೊನ್. ದಕ್ಷಿಣ ಫ್ರಾನ್ಸಿನ ಅವೆರೊನ್ ಜಿಲ್ಲೆಯ ಒಂದು ಹಳ್ಳಿ. ಬೀದಿ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವಂಥದ್ದು ಒಂದೇ, ಅದೂ ಬೆಟ್ಟ ಬಿಟ್ಟುಕೊಟ್ಟಷ್ಟೇ ಅಗಲ. ಬನ್ನಿ, ಗಾಡಿಯನ್ನು ಕೆಳಗೇ ಬಿಟ್ಟು ನಡೆಯೋಣ. ಮೊದಲಿಗೆ ಕಣ್ಣಿಗೆ ಬೀಳುವುದು ಮನೆಗಳ ವಿಚಿತ್ರ ನಿಲುವು. ಬೀದಿಯ ಕಡೆ ಎಲ್ಲ ಊರಿನಂತೆ ಬಾಗಿಲು, ಕಿಟಕಿ, ಕಬ್ಬಿಣದ ಸಲಾಕೆ. ಹಿತ್ತಿಲು ಮಾತ್ರ ಇಲ್ಲ. ಹಿತ್ತಿಲಿರಬೇಕಾದ ಕಡೆ ಬೆಟ್ಟವಿದೆ. ಮನೆ ಹಿಂದಕ್ಕೆ ಸರಿಯುತ್ತ ಸರಿಯುತ್ತ ಬಂಡೆಯೊಳಕ್ಕೆ ಹೋಗುತ್ತದೆ, ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಕೆಳಕ್ಕಿಳಿಯುತ್ತದೆ. ಕೆಲವು ಕಡೆ ಹೀಗೆ ಇಳಿದದ್ದು ಹತ್ತು-ಹನ್ನೊಂದು ಅಂತಸ್ತು. ಬೀದಿಯಲ್ಲಿ ನಿಂತವನ ಕಾಲಡಿಯಲ್ಲಿ ಇನ್ನೊಂದು ಊರೇ ಇದೆ ಎನ್ನಬೇಕು, ಅದರ ನಿವಾಸಿಗಳು ಚೀಸ್.

ವಾಸನೆ ಬರುವುದು ತೆರೆದ ಬಾಗಿಲುಗಳಿಂದ. ಒದ್ದೆ ಕಲ್ಲು, ಹಳೆಯ ಮರ, ಮಳೆಗಾಲದ ಅಣಬೆ, ಅದರ ಬೆನ್ನಿಗೇ ಮೂಗಿನ ತುದಿಯನ್ನು ಸಣ್ಣಗೆ ಚುರುಕುಗೊಳಿಸುವ ಘಾಟು. ಅಸಹ್ಯವೇನಲ್ಲ, ಆದರೆ ಮರೆಯುವಂಥದ್ದೂ ಅಲ್ಲ. ತಣ್ಣನೆ ಪೆಟ್ಟಿಗೆಯ ಲಾರಿಯೊಂದು ಹಿಮ್ಮುಖವಾಗಿ ಬಾಗಿಲಿಗೆ ತಾಗಿ ನಿಂತಿದೆ. ಒಳಗೆ ಅಟ್ಟಣೆಗಳ ತುಂಬ ಬಿಳಿ ಬಿಳಿ ದುಂಡು ಅಚ್ಚುಗಳು, ಆಕಾರದಲ್ಲಿ ನಮ್ಮ ಬೆಲ್ಲದ ದಪ್ಪ ಅಚ್ಚುಗಳ ಹಾಗೆ. ಒಂದೊಂದೂ ಅಂಗೈ ಚಾಚಿದಷ್ಟು ಅಗಲ, ತೂಕ ಎರಡೂವರೆ ಕಿಲೋಗೆ ಮೇಲೆ. ಈಗ ಇವುಗಳಲ್ಲಿ ನೀಲಿಯ ಸುಳಿವೂ ಇಲ್ಲ. ಹಾಲು ಕರೆದದ್ದು, ಹೆಪ್ಪು ಹಾಕಿದ್ದು, ಒಡೆದ ಗಡ್ಡೆಯನ್ನು ಅಚ್ಚಿಗೆ ತುಂಬಿ ನೀರಿಳಿಸಿದ್ದು, ದಪ್ಪ ಉಪ್ಪು ಉಜ್ಜಿದ್ದು ಎಲ್ಲವೂ ಬೇರೆ ಊರುಗಳ ಡೇರಿಗಳಲ್ಲಿ ಆಗಿದೆ. ಇಲ್ಲಿಗೆ ಬಂದಿರುವುದು ಒಂದೇ ಒಂದು ಕೆಲಸಕ್ಕೆ, ಉಸಿರಾಡುವುದಕ್ಕೆ.

ಮೆಟ್ಟಿಲಿಳಿಯುವಾಗ ತಲೆ ತಗ್ಗಿಸಿ, ಕಮಾನು ಗಿಡ್ಡವಿದೆ. ಮೂರು ತಿರುವು ಕಳೆಯುವಷ್ಟರಲ್ಲಿ ಕೋಟಿನ ಗುಂಡಿ ಹಾಕಿಕೊಳ್ಳಬೇಕೆನಿಸುತ್ತದೆ. ಗೋಡೆ ಮುಟ್ಟಿದರೆ ಬೆರಳು ಒದ್ದೆ. ಹಳದಿ ದೀಪದ ಮಂಕು ಬೆಳಕಿನಲ್ಲಿ ಓಕ್ ಮರದ ಉದ್ದನೆಯ ಅಟ್ಟಣೆಗಳು ಕತ್ತಲೊಳಗೆ ಸಾಲು ಹಿಡಿದು ಹೋಗಿವೆ, ಅವುಗಳ ಮೇಲೆ ಅಚ್ಚುಗಳನ್ನು ಅಂಚಿನ ಮೇಲೆ ನಿಲ್ಲಿಸಿದ್ದಾರೆ. ಒಂದಕ್ಕೊಂದು ತಾಗಬಾರದು, ನಡುವೆ ಗಾಳಿ ಆಡಬೇಕು. ಒಂದು ಮೂಲೆಯಲ್ಲಿ ಬಂಡೆ ಸೀಳಿಕೊಂಡಿದೆ. ಕೈ ತೂರುವಷ್ಟು ಅಗಲದ ಸೀಳು, ಒಳಗೆ ಏನೂ ಕಾಣದು. ಅದರ ಮುಂದೆ ಅಂಗೈ ಹಿಡಿಯಿರಿ. ತಣ್ಣಗೆ, ತೇವವಾಗಿ, ಬಿಟ್ಟೂ ಬಿಡದೆ ಗಾಳಿ ಬರುತ್ತಿದೆ. ಇಲ್ಲಿಯವರು ಇದನ್ನು ಫ್ಲೂರಿನ್ ಎನ್ನುತ್ತಾರೆ. ಊರಿನ ಬದುಕು ನಡೆಯುವುದು ಈ ಸೀಳುಗಳಿಂದ.

ಬೆಟ್ಟದ ಹೆಸರು ಕೊಂಬಲೂ. ಮೇಲೆ ಸುಣ್ಣಕಲ್ಲಿನ ಭಾರಿ ಹಾಸು, ಅದರ ಕೆಳಗೆ ನೀರು ಕುಡಿದರೆ ಜಾರುವ ಜೇಡಿಪದರ. ಮನುಷ್ಯ ಈ ಕಡೆ ಕಾಲಿಡುವುದಕ್ಕೂ ಬಹಳ ಹಿಂದೆ ಆ ಜೇಡಿ ಜಾರಿ, ಮೇಲಿನ ಹಾಸಿನ ಅಂಚು ಮುರಿದು ಕುಸಿಯಿತು. ಸುಮಾರು 2 ಕಿಲೋಮೀಟರು ಉದ್ದ, 300 ಮೀಟರು ಅಗಲದ ಕಲ್ಲುರಾಶಿ ಹಾಗೆ ಉಂಟಾದದ್ದು. ರಾಶಿಯೊಳಗೆ ಬಂಡೆಗಳು ಪೂರ್ತಿ ಕೂಡಿಕೊಳ್ಳಲಿಲ್ಲ, ನಡುವೆ ಗುಹೆಗಳೂ ಬಿರುಕುಗಳೂ ಉಳಿದವು. ಹೊರಗಿನ ಗಾಳಿ ಈ ಬಿರುಕುಗಳಲ್ಲಿ ಸುತ್ತಿ ಬಳಸಿ ಬರುವಾಗ ಒದ್ದೆ ಕಲ್ಲಿಗೆ ತಾಗಿ ತಣಿಯುತ್ತದೆ, ತೇವ ಹೊತ್ತುಕೊಳ್ಳುತ್ತದೆ. ಹೊರಗೆ ಹಿಮ ಬೀಳಲಿ, ಆಗಸ್ಟಿನ ಬಿಸಿಲು ಕಲ್ಲು ಕಾಯಿಸಲಿ, ಒಳಗೆ ಮಾತ್ರ 8ರಿಂದ 12 ಡಿಗ್ರಿ, ತೇವಾಂಶ ಶೇ. 95ರ ಆಸುಪಾಸು. ಫ್ಲೂರಿನ್‌ಗಳ ಬಾಯಿಗೆ ಚಿಕ್ಕ ಕದಗಳುಂಟು. ಗುಹೆಯ ಮೇಸ್ತ್ರಿ ಬೆಳಿಗ್ಗೆ ಸುತ್ತು ಹಾಕುವಾಗ ಅವುಗಳನ್ನು ಒಂದಿಷ್ಟು ತೆರೆಯುತ್ತಾನೆ, ಒಂದಿಷ್ಟು ಮುಚ್ಚುತ್ತಾನೆ. ಥರ್ಮಾಮೀಟರು ಗೋಡೆಯಲ್ಲಿ ಇದ್ದೇ ಇದೆ. ಆದರೂ ಅವನು ನಂಬುವುದು ತನ್ನ ಕೆನ್ನೆಗೆ ತಾಗುವ ಗಾಳಿಯನ್ನು.

ಇನ್ನು ಅಚ್ಚುಗಳಿಗೆ ನೀಲಿ ತರುವ ಬೂಷ್ಟಿನ ಕತೆಗೆ ಬರೋಣ. ಕುರಿ ಕಾಯುವ ಹುಡುಗನೊಬ್ಬ ಗುಹೆಯಲ್ಲಿ ಕೂತು ರೊಟ್ಟಿ, ಚೀಸು ಬಿಚ್ಚಿದನಂತೆ, ದೂರದಲ್ಲಿ ಹೋಗುತ್ತಿದ್ದ ಹುಡುಗಿಯನ್ನು ಕಂಡು ಬುತ್ತಿ ಬಿಟ್ಟು ಓಡಿದನಂತೆ, ಬಹಳ ದಿನದ ಮೇಲೆ ಬಂದು ನೋಡಿದರೆ ಎರಡೂ ನೀಲಿಗಟ್ಟಿದ್ದವಂತೆ. ಹಸಿವಾಗಿತ್ತು, ತಿಂದ. ಊರಿನ ಪ್ರತಿ ಗೈಡೂ ಇದನ್ನು ಹೇಳುತ್ತಾನೆ. ಹುಡುಗಿ ಸಿಕ್ಕಳೋ ಇಲ್ಲವೋ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಕತೆಯಲ್ಲಿ ಒಂದು ನಿಜವಿದೆ, ರೊಟ್ಟಿ. ಈ ಬೂಷ್ಟಿನ ತವರು ರೊಟ್ಟಿಯೇ. ರೈ ಧಾನ್ಯದ ಹಿಟ್ಟಿನ ದೊಡ್ಡ ರೊಟ್ಟಿಗಳನ್ನು ಬಿರುಸು ಉರಿಯಲ್ಲಿ ಸುಡುತ್ತಾರೆ, ಹೊರಗೆ ಕಪ್ಪಾಗಿ ಒಳಗೆ ಹಸಿಹಸಿ ಉಳಿಯಬೇಕು. ಅದಕ್ಕೆ ಬೂಷ್ಟು ತಾಗಿಸಿ ಗುಹೆಯಲ್ಲಿ ವಾರಗಟ್ಟಲೆ ಬಿಟ್ಟರೆ ರೊಟ್ಟಿಯ ತಿರುಳೆಲ್ಲ ಹಸಿರು-ನೀಲಿ ಪುಡಿಯಾಗುತ್ತದೆ. ಈ ಪುಡಿಯನ್ನು ಒಂದು ಚಿಟಿಕೆಯಷ್ಟು ಹಾಲಿಗೋ ಗಡ್ಡೆಗೋ ಬೆರೆಸುತ್ತಾರೆ. ಈಚೆಗೆ ಪ್ರಯೋಗಾಲಯದ ಬಾಟಲಿಯಲ್ಲಿ ಬೆಳೆಸಿದ್ದನ್ನು ಬಳಸುವವರೂ ಇದ್ದಾರೆ, ರೊಟ್ಟಿಯ ಒಲೆ ಆರಿಸದವರೂ ಇದ್ದಾರೆ. ಅಮೆರಿಕದ ಶಿಲೀಂಧ್ರ ವಿಜ್ಞಾನಿ ಚಾರ್ಲ್ಸ್ ಥಾಮ್ 1906ರಲ್ಲಿ ಇದನ್ನು ವಿವರಿಸಿ, ಊರಿನ ಹೆಸರನ್ನೇ ಸೇರಿಸಿ ಪೆನಿಸಿಲಿಯಮ್ ರೋಕ್‌ಫೋರ್ಟಿ ಎಂದು ನಾಮಕರಣ ಮಾಡಿದ.

ಬೂಷ್ಟಿಗೆ ಗಾಳಿ ಬೇಕು. ಚೀಸಿನ ಹೊಟ್ಟೆಯೊಳಗೆ ಗಾಳಿ ಎಲ್ಲಿಂದ ಬರಬೇಕು? ಅದಕ್ಕೇ ಪ್ರತಿ ಅಚ್ಚನ್ನೂ ಸೂಜಿಗಳ ಹಲಗೆಯ ಕೆಳಗಿಟ್ಟು ಒತ್ತುತ್ತಾರೆ. ಮೂವತ್ತು-ನಲವತ್ತು ಸೂಜಿಗಳು ಒಮ್ಮೆಗೇ ಇಳಿದು ಏಳುತ್ತವೆ. ಟಕ್ ಎಂದು ಇಳಿಯುವ ಸದ್ದು, ಸುಯ್ಯೆಂದು ಬಿಡುವ ಸದ್ದು, ಮತ್ತೆ ಟಕ್. ಆ ತೂತುಗಳ ಗುಂಟ ಬೆಟ್ಟದ ಗಾಳಿ ಒಳಹೊಕ್ಕು ನೀಲಿ ಎಳೆ ಹಬ್ಬುತ್ತದೆ. ಮುಂದೆ ಕನಿಷ್ಠ ಎರಡು ವಾರ ಅಚ್ಚು ಹೀಗೆ ಬರಿಮೈಯಲ್ಲಿ ಗುಹೆಯಲ್ಲಿರಬೇಕು. ಸಾಕು ಎಂದು ಮೇಸ್ತ್ರಿಗೆ ಅನ್ನಿಸಿದ ದಿನ ಕಬನಿಯೇರ್‌ಗಳ ಸರದಿ.

ಗುಹೆಯ ಕೆಲಸದ ಹೆಂಗಸರಿಗೆ ಇಲ್ಲಿ ಆ ಹೆಸರು. ಗುಹೆಗಳನ್ನು ಹಿಂದೆ ಕಬಾನ್, ಎಂದರೆ ಗುಡಿಸಲು, ಎಂದು ಕರೆಯುತ್ತಿದ್ದರು. ಅಚ್ಚು ಹೊರುವುದು, ಉಪ್ಪು ಉಜ್ಜುವುದು, ಮೈ ಕೆರೆದು ಚೊಕ್ಕಟ ಮಾಡುವುದು, ಹೊರಳಿಸಿ ನಿಲ್ಲಿಸುವುದು, ಯಂತ್ರ ಬರುವ ತನಕ ಇದೆಲ್ಲವೂ ಅವರ ಕೈಯಲ್ಲೇ ಆಗಬೇಕಿತ್ತು. ದಪ್ಪ ಉಣ್ಣೆ, ಮೇಲೆ ಬಿಳಿ ಮೇಲಂಗಿ, ಕಾಲಿಗೆ ಮರದ ಮೆಟ್ಟು ತೊಟ್ಟ ಅವರ ಚಿತ್ರಗಳು ಹಳೆಯ ಅಂಚೆಕಾರ್ಡುಗಳಲ್ಲಿ ಧಾರಾಳವಾಗಿವೆ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳಿಗೆ ಕೈಗೆ ಕಾಸು ಕಾಣಿಸಿದ ಕೆಲಸ ಇದು. ಆ ತಂಪಿನಲ್ಲಿ ದಿನವಿಡೀ ನಿಂತರೆ ಗಂಟುಗಳ ಗತಿ ಏನಾಗುತ್ತದೆಂಬುದು ಅಂಚೆಕಾರ್ಡಿನಲ್ಲಿ ಕಾಣುವುದಿಲ್ಲ. ಈಗ ಅವರ ಮುಖ್ಯ ಕೆಲಸ ಸುತ್ತುವುದು. ಮುಂದಿರುವ ಮೇಜಿನ ಮೇಲೆ ತವರದ ತೆಳು ಹಾಳೆ, ನಡುವೆ ಅಚ್ಚು, ಎಡಗೈ ತಿರುಗಿಸುತ್ತದೆ, ಬಲಗೈ ಮಡಚುತ್ತದೆ. ನಾಲ್ಕು ಮಡಿಕೆ, ಒಂದು ತಟ್ಟು, ಮುಗಿಯಿತು, ಮುಂದಿನದು. ಮಾತು ನಡೆದೇ ಇರುತ್ತದೆ, ಕೈ ನೋಡಿಕೊಳ್ಳುವ ಕೆಲಸವೇ ಇಲ್ಲ. ಹಾಳೆ ಗಾಳಿಯನ್ನು ತಡೆಯುತ್ತದೆ, ಬೂಷ್ಟು ಇನ್ನು ಓಡುವಂತಿಲ್ಲ, ನಿಧಾನ ನಡೆಯಬೇಕು. ಹೀಗೆ ಸುತ್ತಿದ್ದು ತಣ್ಣನೆ ಕೋಣೆಗಳಲ್ಲಿ ಇನ್ನೂ ಮಾಗುತ್ತದೆ. ಹಾಲು ಹೆಪ್ಪುಗಟ್ಟಿದ ದಿನದಿಂದ 90 ದಿನವಾಗದೆ ಅದನ್ನು ರೋಕ್‌ಫೋರ್ ಎಂದು ಮಾರುವಂತಿಲ್ಲ.

ಗುಹೆಯಿಂದ ಹೊರಬಿದ್ದರೆ ಬೆಳಕು ಕಣ್ಣು ಕುಕ್ಕುತ್ತದೆ. ಬೀದಿಯ ಕೊನೆಯಿಂದ ಕಾಲುದಾರಿ ಹಿಡಿದು ಬಂಡೆಗಳ ಸಂದಿನಲ್ಲಿ ಹತ್ತಿದರೆ ಕೊಂಬಲೂ ನೆತ್ತಿ. ಇಲ್ಲಿಂದ ಪೂರ್ವಕ್ಕೆ ದೃಷ್ಟಿ ಚಾಚಿ. ಕಣಿವೆಯ ಆಚೆ ಮತ್ತೊಂದು ಹಾಸು, ಕಣ್ಣು ಹೋದಷ್ಟೂ ಚಪ್ಪಟೆ, ಬೋಳು, ಬೂದು. ಅದು ಲಾರ್ಜಾಕ್ ಪ್ರಸ್ಥಭೂಮಿ. ಸುಣ್ಣಕಲ್ಲಿನ ನೆಲ, ಮಳೆ ಬಿದ್ದದ್ದು ಬಿದ್ದ ಹಾಗೇ ಸೋಸಿ ಪಾತಾಳಕ್ಕೆ ಇಳಿಯುತ್ತದೆ, ಮೇಲೆ ಹೊಳೆಯಿಲ್ಲ, ಹಳ್ಳವಿಲ್ಲ. ಅಲ್ಲಲ್ಲಿ ಜುನಿಪರ್ ಪೊದೆ, ಮುರಿದರೆ ಘಮಘಮಿಸುವ ಥೈಮ್, ಕಲ್ಲಿನ ನಡುವೆ ಗಿಡ್ಡ ಹುಲ್ಲು. ಇಂಥ ನೆಲದಲ್ಲಿ ಹಸು ಸಾಕಲಾಗದು, ಕುರಿ ಮೇಯುತ್ತದೆ. ಕುರಿಗೆ ನೀರು ಬೇಕಲ್ಲ, ಅದಕ್ಕೆ ಹಿಂದಿನವರು ತಗ್ಗು ನೋಡಿ, ಜೇಡಿ ಮೆತ್ತಿ, ಮೇಲೆ ಚಪ್ಪಡಿ ಹಾಸಿ ದುಂಡನೆಯ ಕಟ್ಟೆಗಳನ್ನು ಮಾಡಿದರು. ಲವೋಞ್ ಎಂದು ಅವುಗಳ ಹೆಸರು. ಕುರಿಗಳು ಸುತ್ತಲೂ ಇಳಿಜಾರಿನಲ್ಲಿ ನಿಂತು ಮೂತಿಯಿಟ್ಟಾಗ ಕಟ್ಟೆಯ ಅಂಚಿಗೆ ಉಣ್ಣೆಯ ಕುಚ್ಚು ಹಾಕಿದಂತೆ ಕಾಣುತ್ತದೆ. ಮರ ಸಿಗದ ಸೀಮೆಯಾದ್ದರಿಂದ ಕುರಿದೊಡ್ಡಿಗಳಿಗೂ ಕಲ್ಲಿನ ಕಮಾನಿನದೇ ಮಾಡು. ಹಳೆಯ ದೊಡ್ಡಿಯೊಳಗೆ ನಿಂತರೆ ಚರ್ಚಿನೊಳಗೆ ನಿಂತ ಹಾಗೆ, ಹಿಕ್ಕೆಯ ವಾಸನೆಯೊಂದು ಬಿಟ್ಟರೆ.

ಕುರಿಗಳು ಲಕೋನ್ ತಳಿಯವು. ತಲೆಯಲ್ಲಿ, ಹೊಟ್ಟೆಯಡಿಯಲ್ಲಿ ಉಣ್ಣೆಯಿಲ್ಲದ, ಉದ್ದ ಕಿವಿಯ, ಸ್ವಲ್ಪ ಸಂಕೋಚದ ಮುಖದ ಪ್ರಾಣಿ. ಚಳಿಗಾಲದ ಮುಂಚೆ ಮರಿ ಹಾಕುತ್ತದೆ. ಮರಿಗೆ ಒಂದು ತಿಂಗಳು ಕುಡಿಸಿ ಆಮೇಲೆ ಕರೆಯಲು ಶುರು, ಡಿಸೆಂಬರಿನಿಂದ ಹೆಚ್ಚುಕಡಿಮೆ ಜುಲೈವರೆಗೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಕುರಿಯೊಂದು ಹಸುವಿನಂತೆ ಬಿಂದಿಗೆ ತುಂಬುವುದಿಲ್ಲ, ಒಂದು ಅಚ್ಚಿಗೆ ಬೇಕಾಗುವ ಹಾಲು ಮಾತ್ರ ಸುಮಾರು 12 ಲೀಟರು. ಹಾಲನ್ನು ಕಾಯಿಸುವಂತಿಲ್ಲ, ಕೆನೆ ತೆಗೆಯುವಂತಿಲ್ಲ. ಹುಲ್ಲು ಇರುವ ದಿನಗಳಲ್ಲಿ ಕುರಿ ಹೊರಗೆ ಮೇಯಲೇಬೇಕು. ವರ್ಷದ ಮೇವಿನಲ್ಲಿ ಮುಕ್ಕಾಲು ಪಾಲಾದರೂ ಇದೇ ಸೀಮೆಯದ್ದಾಗಿರಬೇಕು. ಇವೆಲ್ಲ ರೂಢಿಯಷ್ಟೇ ಅಲ್ಲ, ಕಾನೂನು.

ಕಾನೂನಿನ ಮಾತು ಈ ಊರಿಗೆ ಹೊಸದಲ್ಲ. ರೋಮಿನ ಪ್ಲಿನಿಯೇ ಈ ಚೀಸನ್ನು ಹೊಗಳಿದ್ದಾನೆಂದು ವ್ಯಾಪಾರಿಗಳು ಹೇಳಿಕೊಳ್ಳುತ್ತಾರೆ. ಪ್ಲಿನಿ ಹೊಗಳಿದ್ದು ಪಕ್ಕದ ಸೀಮೆಯ ಚೀಸನ್ನು, ರೋಕ್‌ಫೋರ್ ಹೆಸರನ್ನು ಅವನು ಎತ್ತಿಲ್ಲ. ಗಟ್ಟಿ ನೆಲ ಸಿಗುವುದು 1411ರಲ್ಲಿ. ತನ್ನ ಮೈ ಗಾಜಿನದು, ಯಾರಾದರೂ ಮುಟ್ಟಿದರೆ ಒಡೆದೀತೆಂದು ಹೆದರುತ್ತಿದ್ದ ಆರನೆಯ ಚಾರ್ಲ್ಸ್ ದೊರೆ, ಈ ಗುಹೆಗಳಲ್ಲಿ ಚೀಸ್ ಮಾಗಿಸುವ ಹಕ್ಕು ಈ ಊರಿನವರದು ಎಂದು ಸನ್ನದು ಬರೆದುಕೊಟ್ಟ. 1666ರಲ್ಲಿ ತುಲೂಸಿನ ನ್ಯಾಯಪೀಠ, ಎಲ್ಲಿಯದೋ ಚೀಸನ್ನು ರೋಕ್‌ಫೋರ್ ಎಂದು ಮಾರುವ ವರ್ತಕರಿಗೆ ದಂಡ ಎಂದಿತು. ರಾಜರು ಹೋಗಿ ಗಣರಾಜ್ಯ ಬಂದ ಮೇಲೆ, 1925ರ ಜುಲೈ 26ರಂದು, ಸಂಸತ್ತು ಇದಕ್ಕೆಂದೇ ಕಾಯಿದೆ ಮಾಡಿತು. ಫ್ರಾನ್ಸಿನಲ್ಲಿ ಹುಟ್ಟಿದ ನೆಲದ ಹೆಸರನ್ನು ಕಾನೂನಿನ ರಕ್ಷಣೆಯೊಂದಿಗೆ ಪಡೆದ ಮೊದಲ ಚೀಸ್ ಇದೇ. ಅಷ್ಟಾದರೂ ತಂಟೆ ಮುಗಿಯಲಿಲ್ಲ. ಗುಹೆ ಬೇರೆ ಬೆಟ್ಟದಲ್ಲೂ ಇವೆಯಲ್ಲ, ಅಲ್ಲಿ ಮಾಗಿಸಿದರೇನು ಎಂಬ ತಕರಾರು ಎದ್ದು, 1961ರಲ್ಲಿ ಮಿಯೋ ಪಟ್ಟಣದ ನ್ಯಾಯಾಲಯ ತೀರ್ಪು ಕೊಟ್ಟಿತು. ಹಾಲು ಸೀಮೆಯ ಎಲ್ಲಿಂದಲೂ ಬರಬಹುದು. ಮಾಗಬೇಕಾದ್ದು ಮಾತ್ರ ಕೊಂಬಲೂ ಕುಸಿತದ ಈ ಕಲ್ಲುರಾಶಿಯೊಳಗೆ, ಫ್ಲೂರಿನ್‌ಗಳ ಗಾಳಿಯಲ್ಲಿ. ಯಾವ ಬಂಡೆಯಿಂದ ಯಾವ ಬಂಡೆಯವರೆಗೆ ಎಂಬುದಕ್ಕೂ ಗೆರೆ ಬಿತ್ತು. ಹೊಲಕ್ಕೆ ಬೇಲಿ ಹಾಕಿದವರನ್ನು ನೋಡಿದ್ದೇವೆ, ಗಾಳಿಗೆ ಬೇಲಿ ಹಾಕಿದ ತೀರ್ಪು ನನಗೆ ಗೊತ್ತಿದ್ದಂತೆ ಇದೊಂದೇ.

ಈ ಗೆರೆಯೊಳಗೆ ಇಂದು ಗುಹೆ ನಡೆಸುವವರು ಏಳು ಸಂಸ್ಥೆ. ಅವುಗಳಲ್ಲಿ ದೊಡ್ಡದೊಂದು ಉಳಿದೆಲ್ಲವನ್ನೂ ಮೀರಿಸುವಷ್ಟು ದೊಡ್ಡದು, ಮತ್ತೆ ಕೆಲವು ಒಂದೇ ಮನೆತನದ ಕೈಯಲ್ಲಿರುವಂಥವು. ಎಲ್ಲ ಸೇರಿ ವರ್ಷಕ್ಕೆ ಸುಮಾರು 15,000 ಟನ್ ಇಲ್ಲಿಂದ ಹೊರಡುತ್ತದೆ. ಇಷ್ಟು ತೂಕ ಹೊರಗೆ ಕಳಿಸುವ ಊರಿನಲ್ಲಿ ಎಷ್ಟು ಜನ ಇರಬಹುದು? ಬೆಳಿಗ್ಗೆ ಎಂಟಕ್ಕೆ ನೋಡಿದರೆ ಜಾತ್ರೆ. ಕಾರುಗಳು ಒಂದರ ಹಿಂದೊಂದು ಬಂದು ಜಾಗಕ್ಕಾಗಿ ತಡಕಾಡುತ್ತವೆ. ಸಂಜೆ ಆರಕ್ಕೆ ಅಷ್ಟೂ ಕಾರುಗಳು ಸ್ಯಾಂತ್-ಅಫ್ರಿಕ್, ಮಿಯೋ ಕಡೆ ತಿರುಗಿ ಹೋಗಿರುತ್ತವೆ. ದುಡಿಯುವವರು ದೂರದಿಂದ ಬರುತ್ತಾರೆ, ಮಲಗುವವರು ಕಡಿಮೆ. ಊರಿನ ಜನಸಂಖ್ಯೆ ಈಗ ಆರುನೂರಕ್ಕೂ ಕೆಳಗಿದೆ, 1960ರ ದಶಕದಲ್ಲಿ ಇದರ ಎರಡರಷ್ಟಿತ್ತು. ಬೆಟ್ಟದಡಿಯ ನೆರಳಿಗಿಂತ, ಕಣಿವೆಯ ಬಿಸಿಲಲ್ಲಿ ಒಂದು ಅಂಗಳವಿರುವ ಮನೆ ಎಳೆಯ ಸಂಸಾರಗಳಿಗೆ ಹಿತವೆನಿಸಿದರೆ ಅವರನ್ನು ದೂರುವುದು ಹೇಗೆ? ಚೀಸಿಗೆ ಒಗ್ಗುವ ಹವೆಯೇ ಮನುಷ್ಯರ ಮೂಳೆಗೂ ಒಗ್ಗಬೇಕೆಂದಿಲ್ಲವಲ್ಲ.

ಹಾಗಿದ್ದೂ ಇದು ಯಾರ ಬಾಲಂಗೋಚಿಯೂ ಅಲ್ಲದ, ತನ್ನದೇ ಮೇಯರ್, ತನ್ನದೇ ಸಭೆಯುಳ್ಳ ಊರು. ಕಮ್ಯೂನ್ ಎಂಬ ಈ ಏರ್ಪಾಡು ಫ್ರಾನ್ಸಿನ ಕ್ರಾಂತಿಯ ಕೂಸು. 1789ರ ಡಿಸೆಂಬರ್ 14ರ ಕಾಯಿದೆ ಪಟ್ಟಣವೆನ್ನದೆ ಹಳ್ಳಿಯೆನ್ನದೆ ಪ್ರತಿ ಊರಿಗೂ ಒಂದೇ ಬಗೆಯ ಚುನಾಯಿತ ಆಡಳಿತ ಕೊಟ್ಟಿತು. ಪ್ಯಾರಿಸ್ಸೂ ಕಮ್ಯೂನು, ರೋಕ್‌ಫೋರೂ ಕಮ್ಯೂನು. ದೇಶದಲ್ಲಿ ಇಂಥವು ಇಂದಿಗೂ ಸುಮಾರು 35,000 ಇವೆ, ಅವುಗಳಲ್ಲಿ ಅರ್ಧಕ್ಕೂ ಹೆಚ್ಚಿನವುಗಳಲ್ಲಿ ಐನೂರು ಜನರೂ ಇಲ್ಲ. ಸಣ್ಣವನ್ನು ಕೂಡಿಸಿ ಒಂದು ಮಾಡಿ ಎಂದು ಪ್ಯಾರಿಸ್ಸಿನ ಸರ್ಕಾರದವರು ಲೆಕ್ಕ ಮುಂದಿಟ್ಟುಕೊಂಡು ಹೇಳುತ್ತಲೇ ಇರುತ್ತಾರೆ. ಹಳ್ಳಿಗಳು ಕಸ, ನೀರು ಇತ್ಯಾದಿ ಕೆಲವು ಕೆಲಸಗಳನ್ನು ನೆರೆಹೊರೆಯೊಂದಿಗೆ ಹಂಚಿಕೊಳ್ಳಲು ಒಪ್ಪುತ್ತವೆ, ಊರ ಹೆಸರು ಬಿಡಲು ಒಪ್ಪುವುದಿಲ್ಲ.

ಮೇಯರ್ ಕಚೇರಿಗೆ ಇಲ್ಲಿ ಮೇರಿ ಎನ್ನುತ್ತಾರೆ. 1884ರ ಕಾಯಿದೆಯ ಪ್ರಕಾರ ಎಷ್ಟೇ ಚಿಕ್ಕ ಊರಾಗಲಿ ಮೇರಿ ಇರಲೇಬೇಕು. ಇಡೀ ದೇಶದಲ್ಲಿ ಅವುಗಳ ಮುಖ ಗುರುತು ಹಿಡಿಯುವುದು ಸುಲಭ. ಬಾಗಿಲ ಮೇಲೆ ಮೂರು ಬಣ್ಣದ ಬಾವುಟ, ಸ್ವಾತಂತ್ರ್ಯ-ಸಮಾನತೆ-ಸೋದರತ್ವದ ಅಕ್ಷರಗಳು, ಒಳಗೆ ಗಣರಾಜ್ಯದ ಹೆಣ್ಣುಮೂರ್ತಿ ಮರಿಯಾನ್. ಗಾಜಿನ ಪೆಟ್ಟಿಗೆಯ ನೋಟೀಸು ಬೋರ್ಡಿನಲ್ಲಿ ಮದುವೆಯ ಪ್ರಕಟಣೆ, ಸಭೆಯ ನಡಾವಳಿ, ಬೇಟೆಯ ಋತುವಿನ ದಿನಾಂಕ. ಹುಟ್ಟು, ಮದುವೆ, ಸಾವುಗಳ ದಫ್ತರ 1792ರಲ್ಲಿ ಪಾದ್ರಿಯ ಕೈಯಿಂದ ಮೇಯರ ಕೈಗೆ ಬಂತು. ಅಂದಿನಿಂದ ಚರ್ಚಿನಲ್ಲಿ ಎಷ್ಟೇ ಗಂಟೆ ಬಾರಿಸಿದರೂ ಮದುವೆ ಕಾನೂನಿಗೆ ಮದುವೆಯಾಗುವುದು ಮೇರಿಯಲ್ಲಿ. ಮೇಯರು ಭುಜದಿಂದ ಸೊಂಟಕ್ಕೆ ತ್ರಿವರ್ಣದ ಪಟ್ಟಿ ಧರಿಸಿ ಕಾಯಿದೆಯ ಕಲಮುಗಳನ್ನು ಓದುವಾಗ ಸಭಾಂಗಣದ ಬಾಗಿಲು ತೆರೆದಿರಬೇಕೆಂಬುದು ನಿಯಮ, ಆಕ್ಷೇಪವಿದ್ದವನು ನೇರ ಒಳಬರುವಂತಿರಬೇಕು. ಜನವರಿಯ ಚಳಿಯಲ್ಲಿ ಹೊಸ ಸೊಸೆಯ ಹಲ್ಲು ಕಟಕಟ ಎನ್ನಲಿ, ಬಾಗಿಲು ಹಾಕುವ ಹಾಗಿಲ್ಲ.

ಮೇಯರನ್ನು ಊರವರು ನೇರ ಆರಿಸುವುದಿಲ್ಲ. ಅವರು ಆರಿಸುವುದು ಸದಸ್ಯರನ್ನು, ಸದಸ್ಯರು ತಮ್ಮಲ್ಲೊಬ್ಬರನ್ನು ಆರು ವರ್ಷಕ್ಕೆ ಕೂರಿಸುತ್ತಾರೆ. ಬೀದಿದೀಪ, ಶಾಲೆಯ ಮಾಡು, ಸ್ಮಶಾನದ ಗೋಡೆ, ಹಿಮ ಬಿದ್ದ ದಿನ ರಸ್ತೆಗೆ ಉಪ್ಪು, ಕಟ್ಟಡದ ಪರವಾನಗಿ, ಎಲ್ಲಕ್ಕೂ ಜನ ಹಿಡಿಯುವುದು ಅವರ ತೋಳನ್ನು. ತಲೆಯ ಮೇಲೆ ಬಂಡೆ ನೇತಾಡುವ, ಕಾಲಡಿ ಟೊಳ್ಳಿರುವ ಊರಿನಲ್ಲಿ ಪರವಾನಗಿಗೆ ರುಜು ಹಾಕುವುದು ಹುಡುಗಾಟವಲ್ಲ. ಸಾವಿರಕ್ಕಿಂತ ಕಡಿಮೆ ಜನರಿರುವ ಇಂಥ ಊರುಗಳಲ್ಲಿ ಮೊನ್ನೆಮೊನ್ನೆಯವರೆಗೆ ಒಂದು ಮೋಜಿನ ಹಕ್ಕಿತ್ತು. ಮತಪತ್ರದಲ್ಲಿ ತನಗಾಗದವನ ಹೆಸರಿನ ಮೇಲೆ ಗೀಟು ಎಳೆದು, ಬೇಕಾದವನ ಹೆಸರನ್ನು ಕೈಯಾರೆ ಸೇರಿಸಬಹುದಿತ್ತು. ಎಣಿಕೆಯ ರಾತ್ರಿ ಯಾರ ಹೆಸರಿಗೆ ಎಷ್ಟು ಗೀಟು ಬಿತ್ತೆಂಬುದು ಊರಿಗೇ ಗೊತ್ತಾಗುತ್ತಿತ್ತು. 2025ರ ಮೇ ತಿಂಗಳ ಕಾಯಿದೆ ಇದನ್ನು ನಿಲ್ಲಿಸಿತು. 2026ರ ಮಾರ್ಚ್ ಚುನಾವಣೆಗೆ ಗೊತ್ತಾದ ಹೊಸ ಪದ್ಧತಿಯಲ್ಲಿ ಪೂರ್ತಿ ಪಟ್ಟಿಗೇ ಮತ, ಪಟ್ಟಿಯಲ್ಲಿ ಒಬ್ಬ ಗಂಡಸಿನ ಹೆಸರಾದ ಮೇಲೆ ಒಬ್ಬ ಹೆಂಗಸಿನದು. ಶತಮಾನದುದ್ದಕ್ಕೂ ಹೆಂಗಸರ ಕೈ ಮೇಲೆ ನಡೆದ ಊರಿಗೆ ಈ ಎರಡನೆಯ ಮಾತು ತಡವಾಗಿ ಬಂತೆಂದೇ ನನ್ನ ಲೆಕ್ಕ. ಗೀಟು ಎಳೆಯುವ ಸುಖ ಹೋದದ್ದಕ್ಕೆ ಬೇಸರವೂ ಇದೆ.

ಮೇರಿಯ ಸಭೆಗಿಂತ ದೊಡ್ಡ ಸಭೆಗಳು ನಡೆದದ್ದು ಎದುರಿನ ಲಾರ್ಜಾಕ್ ಮೇಲೆ. ಅಲ್ಲಿ 3,000 ಹೆಕ್ಟೇರಿನ ಸೇನಾ ಶಿಬಿರವಿತ್ತು. ಅದನ್ನು 17,000 ಹೆಕ್ಟೇರಿಗೆ ಹಿಗ್ಗಿಸುವುದಾಗಿ 1971ರಲ್ಲಿ ಸರ್ಕಾರ ಹೇಳಿತು. ರೋಕ್‌ಫೋರ್‌ಗೆ ಹಾಲು ಹಾಕುವ ಕುರಿಗಳ ಹುಲ್ಲುಗಾವಲು ಅದು. 103 ರೈತರು ಜಮೀನು ಮಾರುವುದಿಲ್ಲವೆಂದು 1972ರಲ್ಲಿ ಒಟ್ಟಾಗಿ ಮಾತು ಕೊಟ್ಟುಕೊಂಡರು. ಹೆಚ್ಚಿನವರು ಭಾನುವಾರ ತಪ್ಪದೆ ಚರ್ಚಿಗೆ ಹೋಗುವ, ಪೊಲೀಸರೆದುರು ದನಿ ಏರಿಸದ ಜನ. ಅವರಿಗೆ ಹೋರಾಟದ ದಾರಿ ತೋರಿಸಿದವರಲ್ಲಿ ಒಬ್ಬ ಗಡ್ಡದ ಮುದುಕ, ಲಾಂಜಾ ದೆಲ್ ವಾಸ್ತೋ. ಇಟಲಿಯಲ್ಲಿ ಹುಟ್ಟಿದ ಈತ 1937ರಲ್ಲಿ ವಾರ್ಧಾಕ್ಕೆ ಹೋಗಿ ಗಾಂಧೀಜಿಯ ಜತೆಗಿದ್ದು, ಅವರಿಂದ ಶಾಂತಿದಾಸ ಎಂಬ ಹೆಸರು ಪಡೆದು ಬಂದವನು. ಲಾರ್ಜಾಕ್‌ನ ಲಾ ಕವಲರಿ ಹಳ್ಳಿಯಲ್ಲಿ ಹದಿನೈದು ದಿನ ಉಪವಾಸ ಕೂತ. ಕುರಿ ಕಾಯುವವರು ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ಕೂತರು. ಅದೇ ವರ್ಷದ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಜನ ಎದ್ದು ನೋಡಿದರೆ ಐಫೆಲ್ ಗೋಪುರದ ಬುಡದಲ್ಲಿ ಅರವತ್ತು ಕುರಿಗಳು ಹುಲ್ಲು ಮೇಯುತ್ತಿದ್ದವು. ಪರವಾನಗಿಯಿಲ್ಲದೆ, ಸೇನೆ ಬಯಸಿದ್ದ ಜಾಗದಲ್ಲೇ, ದೊಡ್ಡ ಕುರಿದೊಡ್ಡಿಯೊಂದನ್ನು ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದರು. ಹತ್ತು ವರ್ಷ ಎಳೆದಾಡಿ, 1981ರಲ್ಲಿ ಮಿತೆರಾಂ ಅಧ್ಯಕ್ಷರಾದ ಮೇಲೆ ಯೋಜನೆ ಕೈಬಿಟ್ಟರು.

ಆ ಹೋರಾಟದಲ್ಲಿ ಪಳಗಿದವರೇ 1999ರಲ್ಲಿ ಮತ್ತೆ ಸುದ್ದಿಯಾದರು. ಹಾರ್ಮೋನು ಕೊಟ್ಟು ಬೆಳೆಸಿದ ಅಮೆರಿಕದ ದನದ ಮಾಂಸ ಬೇಡವೆಂದು ಯುರೋಪು ಅಂದದ್ದಕ್ಕೆ, ಅಮೆರಿಕ ಸೇಡಿಗೆ ರೋಕ್‌ಫೋರ್ ಮೇಲೆ ಶೇ. 100 ಸುಂಕ ಹೇರಿತು. ದನದ ಜಗಳಕ್ಕೆ ಕುರಿ ದಂಡ ಕಟ್ಟಬೇಕಾಯಿತು. ಆಗಸ್ಟ್ 12ರಂದು ರೈತ ಮುಖಂಡ ಜೋಸೆ ಬೋವೆ ಮತ್ತು ಸಂಗಡಿಗರು ಮಿಯೋದಲ್ಲಿ ಇನ್ನೂ ಕಟ್ಟುತ್ತಿದ್ದ ಮೆಕ್‌ಡೊನಾಲ್ಡ್ಸ್ ಹೋಟೆಲನ್ನು ಹಗಲು ಹೊತ್ತಿನಲ್ಲೇ, ಮಕ್ಕಳುಮರಿಗಳೆದುರು, ಸ್ಪ್ಯಾನರು ಸುತ್ತಿಗೆ ಹಿಡಿದು ಬಿಚ್ಚಿಹಾಕಿದರು. ಬೋವೆ ಜೈಲಿಗೂ ಹೋಗಿ ಬಂದ. 2009ರ ಜನವರಿಯಲ್ಲಿ ಸುಂಕವನ್ನು ಶೇ. 300ಕ್ಕೆ ಏರಿಸುವುದಾಗಿ ಅಮೆರಿಕ ಹೇಳಿದಾಗ ಊರವರು ಮತ್ತೊಮ್ಮೆ ಸೊಂಟ ಕಟ್ಟಿದರು, ಅದು ಜಾರಿಯಾಗುವ ಮೊದಲೇ ಒಪ್ಪಂದವಾಯಿತು.

ಹೊರಗಿನವರ ಜತೆ ಜಗಳವಾಡುವುದು ಹಾಗೆ ನೋಡಿದರೆ ಸುಲಭ. 2019ರಲ್ಲಿ ಊರಿನ ಅತಿ ದೊಡ್ಡ ಸಂಸ್ಥೆಯೇ ಕಾಯಿಸಿದ ಕುರಿಹಾಲಿನ ಒಂದು ನೀಲಿ ಚೀಸನ್ನು ಮಾರುಕಟ್ಟೆಗೆ ಬಿಟ್ಟಿತು. ರೋಕ್‌ಫೋರ್ ಎಂಬ ಹೆಸರಿಲ್ಲ, ಆದ್ದರಿಂದ ಯಾವ ಕಾಯಿದೆಯೂ ಮುರಿದಿಲ್ಲ. ಪೊಟ್ಟಣ ಮಾತ್ರ ಅಣ್ಣತಮ್ಮಂದಿರಷ್ಟು ಹೋಲಿಕೆ, ರುಚಿ ಸೌಮ್ಯ, ಬೆಲೆಯೂ ಕಡಿಮೆ. ಘಾಟಿಗೆ ಮೂಗು ಮುರಿಯುವ ಹೊಸ ಗಿರಾಕಿಗಳನ್ನು ಸೆಳೆಯಬೇಕು ಎಂದು ಅವರ ವಾದ. ಹಸಿ ಹಾಲಿನ ಹೆಸರನ್ನು ಒಳಗಿನಿಂದಲೇ ಕೊರೆಯುತ್ತಿದ್ದಾರೆ ಎಂದು ಬೋವೆ ಮೊದಲಾದವರ ಸಿಟ್ಟು. ನಾನು ಸಿಟ್ಟಿನವರ ಕಡೆ. ಆರು ಶತಮಾನದಿಂದ ಸನ್ನದು, ತೀರ್ಪು, ಕಾಯಿದೆ ಎಂದು ಗೆರೆ ಎಳೆದುಕೊಂಡು ಬಂದವರ ಬೀದಿಯಲ್ಲೇ ಆ ಗೆರೆಯ ಪಕ್ಕ ಇನ್ನೊಂದು ಬಾಗಿಲು ತೆರೆದರೆ, ಗೆರೆ ಬರೆಯುವ ಶ್ರಮವಾದರೂ ಯಾಕೆ ಬೇಕಿತ್ತು?

ಅಂಗಡಿಗೆ ಬರೋಣ. ಗಾಜಿನ ಹಿಂದೆ ಅರ್ಧ ಸೀಳಿದ ಅಚ್ಚುಗಳು, ಹಾಲುಬಿಳಿಯ ನಡುವೆ ಹಸಿರು, ನೀಲಿ, ಬೂದು. ಮಾರುವಾಕೆ ಚಾಕು ಮುಟ್ಟುವುದಿಲ್ಲ. ಚಾಕುವಿಗೆ ಅಂಟಿ ಪುಡಿಯಾಗುತ್ತದೆ, ಬಿಗಿದ ತಂತಿಯಿಂದ ಕೊಯ್ಯುತ್ತಾಳೆ. ಮೊದಲು ಬಾಯಿಗೆ ಬೆಣ್ಣೆಯ ನುಣುಪು, ಆಮೇಲೆ ಉಪ್ಪು, ಕೊನೆಗೆ ನೀಲಿಯ ಕಾರ ಅಂಗುಳಿಗೆ ಹತ್ತುತ್ತದೆ. ಪಕ್ಕದ ಅಂಗಡಿಯದು ಬೇರೆ ರುಚಿ, ಬೂಷ್ಟಿನ ತಳಿ ಒಂದೊಂದು ಗುಹೆಗೂ ಬೇರೆ. ಕಾಲು ಕಿಲೋ ಕಟ್ಟಿಕೊಡುತ್ತ ಆಕೆ ಹೇಳುವುದನ್ನು ಕೇಳಿಸಿಕೊಳ್ಳಿ: ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿಡಿ, ಈ ಹಾಳೆಯಲ್ಲೇ ಸುತ್ತಿಡಿ, ಊಟಕ್ಕೆ ಒಂದು ಗಂಟೆ ಮುಂಚೆ ಹೊರಗೆ ತೆಗೆಯಿರಿ. ತಣ್ಣಗೆ ತಿಂದರೆ ಉಪ್ಪೊಂದೇ ಹತ್ತುತ್ತದೆ. ಜತೆಗೆ ಅಕ್ರೋಟು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಒಂದು ಪೇರು ಹಣ್ಣು ಸಾಕು.